ರಾಜದೂತದ ಮುಂದಿನ ಸ್ಪ್ರಿಂಗು

ಎಂಬತ್ತೇಳರ ಬೇಸಿಗೆಯಲ್ಲಿ ಚಿಕ್ಕೋಡಿ ದಾಟಿ ಏಕಸಂಬಿಯ ದಾರಿ ಹಿಡಿದವರು ಡಾಂಬರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ರಸ್ತೆಯ ಬೆನ್ನು ಮುರಿದಿದ್ದವು. ಅಂಥದ್ದೊಂದು ತಗ್ಗಿಗೆ ಜಯಪಾಲನ ರಾಜದೂತ ಮೋಟರ್‌ಸೈಕಲ್ಲು ಇಳಿದಾಗ ಮುಂದುಗಡೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದ ಅವನ ತಾಯಿ ಸೋನಾಬಾಯಿಯ ಹಲ್ಲುಗಳು ಕಟಕ್ಕೆಂದವು.

"ಏನಾತಲೇ?"

"ಮುಂದಿನ ಸ್ಪ್ರಿಂಗ ಕುಂತಬಿಟ್ಟಾವ ಅವ್ವಾ. ಶಾಕಪ್‌ನಾಗ ಜೀವಾನ ಉಳದಿಲ್ಲ."

"ಕುಂತ್ರ ಕುಂದರಲಿ, ನೀ ನಡಿ. ಹೊತ್ತ ಮುಳಗಾಕ ಬಂದೈತಿ."

ಹೊತ್ತಿನ ಚಿಂತೆ ಸುಮ್ಮನೆ ಅಲ್ಲ. ಜೈನರ ಮನೆ; ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವ ಹಾಗಿಲ್ಲ. ಊರಲ್ಲಿ ಎಷ್ಟೋ ಮಂದಿ ಈ ನೇಮವನ್ನು ಸಡಿಲ ಮಾಡಿಕೊಂಡಿದ್ದರು, ಸೋನಾಬಾಯಿ ಮಾತ್ರ ನೀರನ್ನೂ ಮುಟ್ಟುತ್ತಿರಲಿಲ್ಲ. ನಿಪ್ಪಾಣಿಗೆ ಹೋದ ದಿನ ತಡವಾದರೆ ಉಪವಾಸ, ಅಷ್ಟೇ.

ನಿಪ್ಪಾಣಿಯ ಹತ್ತಿರ ಅವಳಿಗೆ ತವರಿನಿಂದ ಬಂದ ಒಂದು ತುಂಡು ತಂಬಾಕಿನ ಹೊಲವಿತ್ತು. ಮಲಕಾರಿ ಎಂಬವನು ಅದನ್ನು ಪಾಲಿಗೆ ಮಾಡುತ್ತಿದ್ದ. ಗಂಡ ಇರುವ ತನಕ ಅವನ ಹಿಂದೆ ಕುಳಿತು ಹೋಗಿ ಬರುತ್ತಿದ್ದಳು. ಅವನು ತೀರಿದ ಮೇಲೂ ಅದೇ ಗಾಡಿ, ಅದೇ ಸೀಟು. ಮುಂದೆ ಕುಳಿತವನು ಮಾತ್ರ ಕಿರಿಯ ಮಗ. ಹೊಲ ನೋಡುವುದು, ಎಲೆ ಒಣಗಿದ ಮೇಲೆ ನಿಪ್ಪಾಣಿಯ ದಲಾಲರ ಅಡತಿಯಲ್ಲಿ ಕುಳಿತು ಮಾರುವುದು, ಎಲ್ಲ ಅವಳದೇ. ಏಕಸಂಬಿಯ ಕಬ್ಬು, ಎಮ್ಮೆ, ಮನೆ ಹಿರಿಯ ಮಗ ದಾದಾಸಾಹೇಬನ ಕೈಗೆ ಹೋಗಿದ್ದವು. ಹೋಗಲಿ ಎಂದು ಅವಳೇ ಬಿಟ್ಟಿದ್ದಳು. ತಂಬಾಕನ್ನು ಬಿಟ್ಟಿರಲಿಲ್ಲ.

ಅವರು ಮನೆ ಮುಟ್ಟಿದಾಗ ಬಿಸಿಲು ಇನ್ನೂ ಹಂಚಿನ ಮೇಲಿತ್ತು. ಹಿರಿಯ ಸೊಸೆ ರಾಜಮತಿ ಗಡಬಡಿಸಿ ತಾಟು ಇಟ್ಟಳು. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಗಟ್ಟಿ ಮೊಸರು. ಸೋನಾಬಾಯಿ ಸೊಂಟ ಹಿಡಿದುಕೊಂಡು ಕುಳಿತದ್ದನ್ನು ದಾದಾಸಾಹೇಬ ನೋಡಿದ.

"ಯಾಕ, ಸೊಂಟಾ ಹಿಡೀತೇನ?"

"ಗಾಡಿ ಮುಂದಿನ ಸ್ಪ್ರಿಂಗ ಹೋಗ್ಯಾವಣ್ಣಾ," ಅಂದ ಜಯಪಾಲ. "ಬದಲ ಮಾಡಬೇಕ."

"ಹೋಗದ ಏನ ಮಾಡ್ತಾವ? ಅವ್ವನ ತೂಕಕ್ಕ ಲಾರಿ ಸ್ಪ್ರಿಂಗೂ ತಡಿಯೂದಿಲ್ಲ."

ರಾಜಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೋನಾಬಾಯಿ ದೇಹದಲ್ಲಿ ಭಾರಿಯೇ. ಅದನ್ನು ಅವಳು ಎಂದೂ ಅಲ್ಲಗಳೆದವಳಲ್ಲ. ಆದರೆ ಮಗನ ಮಾತಿನಲ್ಲಿ ಚೇಷ್ಟೆಗಿಂತ ಬೇರೇನೋ ಇತ್ತು. ಅದು ಎರಡನೆಯ ರೊಟ್ಟಿಗೆ ಹೊರಬಂತು.

"ಇನ್ನ ನೀ ಹೋಗೂದ ಬ್ಯಾಡವಾ. ಈ ಸಲ ತಂಬಾಕ ನಾ ಮಾರತೀನಿ. ಮಗಾ ಮನ್ಯಾಗ ಕುಂತ ಅವ್ವನ್ನ ಅಡತಿಗೆ ಕಳಸ್ತಾನ ಅಂತ ಮಂದಿ ನಗತಾರ."

"ಯಾವ ಮಂದಿ?"

"ಊರಾಗಿನ ಮಂದಿ."

"ಅವರ ಮುಂದ ಹೇಳು, ಅವ್ವ ನನ್ನ ಕೇಳಿ ಹೋಗೂದಿಲ್ಲ ಅಂತ."

"ಹೋಗಬೇಕಾದ್ರ ಬಸ್ಸಿಗೆ ಹೋಗು."

"ಎರಡ ಬಸ್ಸ ಬದಲಿಸಿ, ಹೊಲಕ್ಕ ನಡದ, ತಿರಗಿ ಬರೂದ್ರಾಗ ಕತ್ತಲಾಕ್ಕೈತಿ. ನಾ ಊಟಾ ಬಿಡ್ಲಿ ಅಂತಿ ಹೌದಿಲ್ಲೊ?"

ದಾದಾಸಾಹೇಬ ಎದ್ದು ಕೈ ತೊಳೆದ. ಸ್ಪ್ರಿಂಗಿಗೆ ದುಡ್ಡು ಕೊಡುವುದಿಲ್ಲ ಎಂದು ಅವನು ಹೇಳಲಿಲ್ಲ. ಕೊಡುತ್ತೇನೆ ಎಂದೂ ಹೇಳಲಿಲ್ಲ. ಸೋನಾಬಾಯಿಗೆ ತಿಳಿದುಹೋಯಿತು: ಗಾಡಿ ಕುಂಟುತ್ತಿದ್ದಷ್ಟು ದಿನ ತಾನು ಮನೆಯಲ್ಲಿ. ಅಷ್ಟರಲ್ಲಿ ಹದಗೊಂಡ ಎಲೆ ಮಗನ ಕೈಗೆ, ಆಮೇಲೆ ಹೊಲವೂ ಅದೇ ದಾರಿ.

ಮುಂದಿನ ವಾರವೆಲ್ಲ ಅವಳು ಮನೆಯಲ್ಲೇ ಇದ್ದಳು, ಮತ್ತು ಮನೆಯಲ್ಲಿದ್ದಾಳೆ ಎಂಬುದನ್ನು ಎಲ್ಲರಿಗೂ ಗೊತ್ತುಮಾಡಿಸಿದಳು. ಹಿಟ್ಟು ಸಣ್ಣಗಾಗಿಲ್ಲ ಎಂದು ಗಿರಣಿಗೆ ವಾಪಸು ಕಳಿಸಿದಳು. ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಗಿದೆ ಎಂದು ಮತ್ತೆ ಕುಟ್ಟಿಸಿದಳು. ರಾಜಮತಿ ರೋಸಿಹೋದಳು.

"ಅತ್ತೀ, ನೀವ ನಿಪ್ಪಾಣಿಗೆ ಹೋಗೂದ ಛಲೋ ಇತ್ತ ನೋಡ್ರಿ."

"ನಿನ್ನ ಗಂಡಗ ಹೇಳು ಅದನ್ನ."

ಆ ಹೊತ್ತಿಗೆ ಸರಿಯಾಗಿ ಆ ಗಂಡನೇ ರಾಜದೂತದ ಮೇಲೆ ಬಂದ. ಎಮ್ಮೆಗಳಿಗೆ ಹಿಂಡಿಯ ಚೀಲ ತಂದಿದ್ದ. ಆ ಕಡೆಯ ಗಂಡಸರೆಲ್ಲ ತರುವ ಹಾಗೆಯೇ ತಂದಿದ್ದ: ತುಂಬಿದ ಚೀಲವನ್ನು ಪೆಟ್ರೋಲ್ ಟಾಕಿಯ ಮೇಲೆ ಅಡ್ಡ ಹಾಕಿ, ಹ್ಯಾಂಡಲ್‌ಗೆ ಒತ್ತಿ ನಿಲ್ಲಿಸಿ, ಹೊಟ್ಟೆಯಿಂದ ಅದನ್ನು ಅದುಮಿ ಹಿಡಿದುಕೊಂಡು. ಅಂಗಳದ ಹೊಸ್ತಿಲ ಕಲ್ಲಿಗೆ ಗಾಲಿ ತಾಗಿದಾಗ ಅದೇ ಸದ್ದು ಬಂತು, ಕಬ್ಬಿಣಕ್ಕೆ ಕಬ್ಬಿಣ. ಸೋನಾಬಾಯಿ ತಲೆ ಎತ್ತಿ ನೋಡಿದಳು. ತಾನಂತೂ ಗಾಡಿಯ ಮೇಲೆ ಇರಲಿಲ್ಲ.

"ಚೀಲಾ ಇಳಸಬ್ಯಾಡ," ಅಂದಳು. "ಜಯಪಾಲಾ, ಬಾ ಇಲ್ಲಿ. ಗಾಡಿ ನೆಟ್ಟಗ ಹಿಡಿ. ರಾಜಮತೀ, ನೀನೂ ಬಾ. ಮುಂದಿನ ಗಾಲಿ ಮ್ಯಾಲಿನ ಪತ್ರಾ ಐತಲ್ಲ, ಅದಕ್ಕೂ ಲೈಟಿನ ಕೆಳಗಿನ ಪಟ್ಟಿಗೂ ನಡುವ ಎಷ್ಟ ಬೆರಳ ಹಿಡಿತಾವ ನೋಡು."

"ಇದೇನ ಆಟಾ ಹಚ್ಚೀಯವಾ?" ದಾದಾಸಾಹೇಬ ಚೀಲದ ಹಿಂದಿನಿಂದ ಕೇಳಿದ.

"ಆಟಾನ. ಇಳಿ ನೀ."

ಚೀಲ ಇದ್ದಾಗ ಎರಡು ಬೆರಳೂ ಹಿಡಿಯಲಿಲ್ಲ. ಚೀಲ ಇಳಿಸಿದ ಮೇಲೆ ರಾಜಮತಿಯ ಐದೂ ಬೆರಳು ಒಳಗೆ ಹೋದವು. ಆಮೇಲೆ ಸೋನಾಬಾಯಿ ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟಿನ ಮೇಲೆ ತನ್ನ ಪೂರಾ ಭಾರ ಬಿಟ್ಟು ಕುಳಿತಳು. ಗಾಡಿಯ ಹಿಂಭಾಗ ಕೀಚೆಂದು ತಗ್ಗಿತು.

"ಈಗ?"

ರಾಜಮತಿ ಬಗ್ಗಿ ನೋಡಿದಳು, ಗಂಡನ ಮುಖ ನೋಡಿದಳು, ಮತ್ತೆ ಬಗ್ಗಿ ನೋಡಿದಳು. "ಐದ ಅದಾವ್ರಿ. ಕಮ್ಮಿ ಆಗಿಲ್ಲ."

"ಕೇಳಿಸ್ತಿಲ್ಲೊ ದಾದಾ? ನನ್ನ ಭಾರ ಹಿಂದ ಬೀಳತೈತಿ. ಮುಂದಿನ ಸ್ಪ್ರಿಂಗ ಮುರದಾಂವ ನೀನು, ನಿನ್ನ ಹಿಂಡಿ ಚೀಲಾ. ಇಷ್ಟ ದಿವಸ ತಾಟಿನ ಮುಂದ ಕುಂದ್ರಿಸಿ ನನ್ನ ತೂಕಾ ಆಡ್ಕೊಂಡಿ."

ಜಯಪಾಲನಿಗೆ ನಗು ತಡೆಯಲಾಗಲಿಲ್ಲ. ದಾದಾಸಾಹೇಬನ ಮುಖ ಕೆಂಪಾಯಿತು. "ಆತು, ಸ್ಪ್ರಿಂಗ ನಾನ ತರತೀನಿ, ಬಾಯಿ ಮುಚ್ಚರಿ," ಎಂದು ಒಳಗೆ ಹೋದ.

ತಂದ, ನಿಜ. ಆದರೆ ಒಂದೇ ಒಂದು ತಂದ. ಬಲಗಡೆಯದು ಮುರಿದಿದೆ, ಎಡಗಡೆಯದು ಇನ್ನೂ ಗಟ್ಟಿ ಇದೆ, ಇದ್ದದ್ದನ್ನು ಯಾಕೆ ಎಸೆಯಬೇಕು ಎಂಬುದು ಅವನ ಲೆಕ್ಕ. ಎತ್ತಿನ ಒಂದು ಕಾಲಿಗೆ ಲಾಳ ಸವೆದರೆ ಆ ಒಂದಕ್ಕೇ ಹೊಡೆಸುವ ಮನೆತನ ಅದು. ಬಸ್ ಸ್ಟ್ಯಾಂಡಿನ ಎದುರಿಗೆ ಗ್ಯಾರೇಜು ಇಟ್ಟಿದ್ದ ಬಾಳಾಸಾಬ, "ಜೋಡಿ ಹಾಕಬೇಕ್ರಿ ಅಣ್ಣಾರ," ಎಂದು ಒಂದು ಸಲ ಹೇಳಿ ನೋಡಿದ. "ಹೇಳಿದಷ್ಟ ಮಾಡಪಾ," ಎಂದ ದಾದಾಸಾಹೇಬ. ಬಾಳಾಸಾಬ ಹೇಳಿದಷ್ಟು ಮಾಡಿದ.

ಮರುದಿನ ಸೋನಾಬಾಯಿ ಹೊಲಕ್ಕೆ ಹೊರಡಬೇಕೆಂದಿದ್ದಳು. ಅದಕ್ಕೂ ಮೊದಲು ಜಯಪಾಲ ಒಬ್ಬನೇ ಗಾಡಿ ನೋಡಿಕೊಂಡು ಬರುತ್ತೇನೆಂದು ಹೋದ. ಬಂದದ್ದು ಗಾಡಿ ತಳ್ಳಿಕೊಂಡು. ಅಂಗಿಯ ತೋಳು ಹರಿದಿತ್ತು, ಮೊಣಕೈ ತರಚಿಹೋಗಿತ್ತು, ಮೈಯೆಲ್ಲ ಕಾಲುವೆಯ ಕೆಸರು. ಕಾಲುವೆಯ ತಿರುವಿನಲ್ಲಿ ಬ್ರೇಕು ಒತ್ತಿದಾಗ ಗಾಡಿಯ ಒಂದು ಬದಿ ಕುಸಿದು ಇನ್ನೊಂದು ಬದಿ ಬಿಗಿದು ನಿಂತು, ಹ್ಯಾಂಡಲ್ ಕೈಬಿಟ್ಟು ಹೊರಳಿತ್ತು.

ರಾಜಮತಿ ಅರಿಶಿನ ಎಣ್ಣೆ ಕಾಸಿ ತಂದಳು. ಸೋನಾಬಾಯಿ ಮಗನ ಕೈ ತೊಳೆಯುತ್ತ ಅತ್ತಳು. ಮೊದಲು ಹೆದರಿಕೆಗೆ, ಆಮೇಲೆ ಸಿಟ್ಟಿಗೆ. ತಾನೂ ಹಿಂದೆ ಇದ್ದಿದ್ದರೆ ಇಬ್ಬರೂ ಕಾಲುವೆಯಲ್ಲಿರುತ್ತಿದ್ದರು.

"ನೋಡಿದಿಲ್ಲೊ," ಅಂದ ದಾದಾಸಾಹೇಬ. "ಅಪ್ಪನ ಕಾಲದ ಗಾಡಿ ಅದು, ಅದರ ಕಾಲಾ ಮುಗೀತು. ಗುಜರಿಗೆ ಹಾಕೂನು. ನಾಳೆ ಯಾರರೆ ಸತ್ರ ಏನ ಮಾಡೂದು?"

"ಗಾಡೀದ ಏನ ತಪ್ಪ ಐತಿ? ಜೋಡಿ ಹಾಕೂದನ್ನ ಒಂದ ಹಾಕಿಸಿದಾಂವ ಯಾರು?"

"ನನಗೇನ ಗೊತ್ತಿತ್ತು ಹಿಂಗ ಆಕ್ಕೈತಿ ಅಂತ?"

"ಬಾಳಾಸಾಬ ಹೇಳಿದ್ನಲ್ಲ. ಕೇಳಿದ್ಯಾ?"

ಅವನು ಕೇಳಿರಲಿಲ್ಲ. ಆದರೂ ಸಂಜೆಯ ಊಟಕ್ಕೆ ಕುಳಿತಾಗ ಗುಜರಿಯವನನ್ನು ಕರೆಸುವ ಮಾತೇ ಆಡಿದ.

ಬೆಳಿಗ್ಗೆ ಎದ್ದವಳೇ ಸೋನಾಬಾಯಿ ಜಯಪಾಲನಿಂದ ಎರಡೂ ಬದಿಯ ಸ್ಪ್ರಿಂಗು ಬಿಚ್ಚಿಸಿದಳು. ಸವೆದು ಗಿಡ್ಡಾದ ಹಳೆಯದು ಒಂದು, ಅಣ್ಣ ತಂದ ಹೊಸದು ಒಂದು. ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ನೆರೆಮನೆಯ ಸುಂದ್ರವ್ವ ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಸ್ಪ್ರಿಂಗ ತರಾಕ," ಎಂದಳು. ಸುಂದ್ರವ್ವ ಅದನ್ನು ಸೊಂಟದ ಔಷಧ ಎಂದುಕೊಂಡಳೋ ಏನೋ, ನನಗೂ ಒಂದು ತಾ ಎಂದಳು.

ನಿಪ್ಪಾಣಿಯ ಅಂಗಡಿಯವನು ಮೊದಲು ಮರಾಠಿಯಲ್ಲಿ ಮಾತಾಡಿದ, ಆಮೇಲೆ ಅವಳ ಮುಖ ನೋಡಿ ಕನ್ನಡಕ್ಕೆ ಬಂದ.

"ಮನ್ಯಾಗ ಗಂಡಸರ ಯಾರೂ ಬರಲಿಲ್ಲೇನ್ರಿ ಮಾವಶಿ?"

"ಗಂಡಸರ ತಂದದ್ದ ಇದು," ಎಂದು ದಾದಾಸಾಹೇಬನ ಸ್ಪ್ರಿಂಗನ್ನು ಕಟ್ಟೆಯ ಮೇಲಿಟ್ಟಳು. "ಇಂಥಾದ್ದ ಬ್ಯಾಡ. ಗಾಡಿ ರಾಜದೂತ. ಜೋಡಿ ಬೇಕು."

ಅವನು ಮೂರು ಜೋಡಿ ತೆಗೆದಿಟ್ಟ. ಒಂದು ದಪ್ಪ ತಂತಿಯದು. "ಇದನ್ನ ಒಯ್ಯರಿ. ಹಾಲಿನ ಕ್ಯಾನ ಹೇರವರೆಲ್ಲಾ ಇದನ್ನ ಹಾಕ್ತಾರ. ಎಷ್ಟ ಭಾರಾದ್ರೂ ಬಗ್ಗಂಗಿಲ್ಲ." ಹೇಳುತ್ತ ಅವಳ ದೇಹದ ಮೇಲೊಮ್ಮೆ ಕಣ್ಣಾಡಿಸಿದ.

ಸೋನಾಬಾಯಿ ಅಂಗೈಯಿಂದ ಅದನ್ನು ಅದುಮಿದಳು. ಅದು ಜಪ್ಪಯ್ಯ ಅನ್ನಲಿಲ್ಲ. "ಬಗ್ಗದಿದ್ರ ತಗ್ಗಿನ ಏಟೆಲ್ಲಾ ನನ್ನ ಮಗನ ಕೈಗೆ ಬರತೈತಿ. ಆಂವಾ ಒಣಾ ಕಡ್ಡಿ ಅದಾನ. ನಾ ಹಿಂದ ಕುಂದ್ರಾಕಿ, ಮುಂದ ಅಲ್ಲ. ಹೊಸಾ ಗಾಡಿ ಕೂಡ ಬರತಾವಲ್ಲ, ಅದ ಅಳತೀವು ಕೊಡ್ರಿ."

ಎರಡನೆಯ ಜೋಡಿಯನ್ನು ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿದಳು. ಒಂದು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಗಿಡ್ಡ.

"ಅಷ್ಟ ನಡಿತೈತ್ರಿ."

"ನಿಮಗ ನಡಿತೈತಿ. ಕಾಲುವ್ಯಾಗ ಬೀಳವರ ನಾವು."

ಮೂರನೆಯ ಜೋಡಿ ಸರಿಯಾಗಿ ಹೊಂದಿತು. ಹಳೆಯ ಸ್ಪ್ರಿಂಗು ಅವುಗಳ ಮುಂದೆ ಹೆಬ್ಬೆರಳಿನಷ್ಟು ಗಿಡ್ಡಾಗಿ ನಿಂತಿತ್ತು. ಒಳಗೆ ಹಾಕುವ ಎಣ್ಣೆಯನ್ನೂ, ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರಿನ ಸೀಲುಗಳನ್ನೂ ತೆಗೆದುಕೊಂಡಳು. ದುಡ್ಡನ್ನು ತನ್ನ ಉಳಿತಾಯದ ಗಂಟಿನಿಂದಲೇ ಕೊಟ್ಟಳು.

ವಾಪಸು ಬರುವ ಬಸ್ಸು ಚಿಕ್ಕೋಡಿಯಲ್ಲಿ ಕೆಟ್ಟು ನಿಂತಿತು. ಮನೆಗೆ ಬಂದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ರಾಜಮತಿ ಮುಚ್ಚಿಟ್ಟ ತಾಟಿನ ಕಡೆಗೆ ನೋಡಿದಳು, ಉಣ್ಣಿರಿ ಅನ್ನಲು ಧೈರ್ಯ ಸಾಲಲಿಲ್ಲ.

"ನಿಪ್ಪಾಣಿಗೆ ಹೋದ್ರ ಉಪವಾಸ ಬೀಳಬೇಕಾಕ್ಕೈತಿ ಅಂತ ಈಗರೆ ಗೊತ್ತಾತಿಲ್ಲೊ?" ದಾದಾಸಾಹೇಬ ಕೇಳಿದ. ಅವನಿಗೂ ಒಳಗೊಳಗೆ ಸಂಕಟವಾಗಿತ್ತು, ಆದರೆ ಬಾಯಿಂದ ಬಂದದ್ದು ಇದು.

"ಗೊತ್ತಾತು. ಅದಕ್ಕ ಸ್ಪ್ರಿಂಗ ತಂದೇನಿ," ಎಂದು ಸೋನಾಬಾಯಿ ಕೈಚೀಲವನ್ನು ತಲೆದೆಸೆಗೆ ಇಟ್ಟುಕೊಂಡು ಮಲಗಿದಳು.

ರವಿವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿತಟ್ಟು ಹಾಸಿ ಜಯಪಾಲ ನಟ್ಟು ಬಿಚ್ಚುವ ಪಾನಾಗಳನ್ನು ಸಾಲಾಗಿ ಜೋಡಿಸಿದ. ಬಾಳಾಸಾಬ ಬಂದು ಹೇಗೆ ಮಾಡಬೇಕೆಂದು ತೋರಿಸಿ, ಮದುವೆಯೊಂದಕ್ಕೆ ಹೋಗಬೇಕೆಂದು ಹೊರಟುಹೋದ. ಗಾಡಿಯ ಹೊಟ್ಟೆಯ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು ಮುಂದಿನ ಗಾಲಿ ಎತ್ತಿದರು. ಸ್ಪ್ರಿಂಗು ಕೂರುವ ಎರಡು ಕೊಳವೆಗಳಿಂದ ಹಳೆಯ ಎಣ್ಣೆ ಸುರಿದಾಗ ಅದು ಎಣ್ಣೆಯಾಗಿ ಉಳಿದಿರಲಿಲ್ಲ, ಕಾಲುವೆಯ ಕೆಸರಾಗಿತ್ತು. ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತಿಕ್ಕಿ ತೊಳೆದರು.

"ಎರಡೂ ಕೊಳವಿಗೆ ಸಮ ಎಣ್ಣಿ ಬೀಳಬೇಕು," ಅಂದ ಜಯಪಾಲ. "ವೈನೀ, ಅಳತಿದ ಏನರೆ ಕೊಡ್ರಿ."

"ನನ್ನ ಕಡೆ ತುಪ್ಪದ ಅಳತಿ ಲೋಟಾ ಒಂದ ಐತಿ. ಅದನ್ನ ಕೊಡಾಂಗಿಲ್ಲ."

"ಕೊಡ ರಾಜಮತಿ. ಬೂದಿ ಹಚ್ಚಿ ನಾನ ತಿಕ್ಕಿ ಕೊಡತೀನಿ."

"ನಿಮ್ಮ ತಿಕ್ಕೂದ ನಾ ನೋಡೇನ್ರಿ ಅತ್ತೀ," ಎಂದು ಗೊಣಗುತ್ತಲೇ ತಂದುಕೊಟ್ಟಳು. ಕೊಟ್ಟು ಒಳಗೆ ಹೋಗಲಿಲ್ಲ. ತಾನೇ ಕುಳಿತು ಕಣ್ಣಿಗೆ ಸಮ ಹಿಡಿದು ಅಳೆದು ಸುರಿದಳು. ತುಪ್ಪ ಅಳೆಯುವಾಗ ಒಂದು ಹನಿ ಹೆಚ್ಚು ಬೀಳಿಸದ ಕೈ ಅದು.

ತೊಡಕು ಬಂದದ್ದು ಕೊನೆಗೆ. ಹೊಸ ಸ್ಪ್ರಿಂಗು ಕೊಳವೆಯ ಬಾಯಿಂದ ತಲೆ ಹೊರಹಾಕಿ ನಿಂತಿತ್ತು. ಅದನ್ನು ಒಳಗೆ ಅದುಮಿ ಹಿಡಿದರೆ ಮಾತ್ರ ಮೇಲಿನ ದೊಡ್ಡ ನಟ್ಟಿಗೆ ಹಲ್ಲು ಸಿಗುತ್ತಿತ್ತು. ಜಯಪಾಲ ತನ್ನ ಭಾರವನ್ನೆಲ್ಲ ಬಿಟ್ಟ. ನಟ್ಟು ಚಂಗನೆ ಹಾರಿ ಕೋಳಿಯಂತೆ ಅಂಗಳವೆಲ್ಲ ಓಡಿತು. ಎರಡನೆಯ ಸಲವೂ ಅದೇ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ದಾದಾಸಾಹೇಬ ಏಳಲಿಲ್ಲ.

"ಸರಿ," ಅಂದಳು ಸೋನಾಬಾಯಿ. ಇನ್ನೊಂದು ದಿಮ್ಮಿಯ ಮೇಲೆ ಹತ್ತಿ ನಿಂತಳು, ಮಡಚಿದ ಬಟ್ಟೆಯನ್ನು ನಟ್ಟಿನ ಮೇಲಿಟ್ಟಳು, ಎರಡೂ ಅಂಗೈ ಊರಿ ಮೈ ಬಿಟ್ಟಳು. ಸ್ಪ್ರಿಂಗು ಮಾತಿಲ್ಲದೆ ಒಳಗೆ ಇಳಿಯಿತು. "ತಿರವು ಈಗ."

ಜಯಪಾಲ ಬಟ್ಟೆಯ ಕೆಳಗೆ ಪಾನಾ ಹಾಕಿ ತಿರುವಿದ. ಹಲ್ಲು ಹಿಡಿಯಿತು. ಇನ್ನೊಂದು ಬದಿಗೂ ಹಾಗೆಯೇ ಮಾಡಿದರು.

"ತೂಕಾ ತೂಕಾ ಅಂತಿದ್ರಲ್ಲ," ಎಂದು ಸೋನಾಬಾಯಿ ಏದುಸಿರು ಬಿಡುತ್ತ ಕೆಳಗಿಳಿದಳು. ಅವಳ ಅಂಗೈಯಲ್ಲಿ ನಟ್ಟಿನ ಗುರುತು ಕೆಂಪಗೆ ಮೂಡಿತ್ತು. ರಾಜಮತಿ ಈ ಸಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

ಮರುದಿನ ನಸುಕಿನಲ್ಲೇ ಸೋನಾಬಾಯಿ ತಯಾರಾದಳು. ಮಲಕಾರಿ ಎಲೆಯ ಮಾದರಿ ಕಟ್ಟು ತೆಗೆದುಕೊಂಡು ಅಡತಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದ. ರಾಜಮತಿ ರೊಟ್ಟಿಯ ಗಂಟು ಕೊಟ್ಟಳು. ಜಯಪಾಲ ಗಾಡಿ ಚಾಲು ಮಾಡಿದ, ಸೋನಾಬಾಯಿ ಹಿಂದೆ ಕುಳಿತಳು. ಆಗ ದಾದಾಸಾಹೇಬ ಎದುರಿಗೆ ಬಂದು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದ.

"ಅವ್ವಾ, ಇಳಿ. ನೀ ಹೋಗಿ ನನ್ನ ಮಾನಾ ಕಳೀಬ್ಯಾಡ."

"ನಿನ್ನ ಮಾನಾ ಅಲ್ಲೇನೈತಿ?"

"ಹೋದವಾರ ಅಡತಿ ಶೇಟ್‌ಗ ತಂಬಾಕದ ಮಾತ ಕೊಟ್ಟ ಬಂದೇನಿ. ದರಾ ಮುಗದೈತಿ. ನನ್ನ ಗಾದಿ ಮ್ಯಾಲ ಕುಂದ್ರಿಸಿ ಚಹಾ ಕುಡಿಸ್ಯಾರ. ಈಗ ನೀ ಹೋಗಿ ವಾದಾ ಮಾಡಿದ್ರ ನಾ ಯಾವ ಮುಖಾ ತೋರಿಸ್ಲಿ?"

ಮಗ ಸೋನಾಬಾಯಿಯ ಬೆನ್ನ ಹಿಂದೆ ಮಾರಿ ಬಂದು, ವಾರವಿಡೀ ಅದೇ ತಾಟಿನಲ್ಲಿ ಉಂಡಿದ್ದ.

"ನನ್ನ ಕೇಳಿದ್ಯಾ?"

"ಮನಿ ಹಿರೇಮಗಾ ಇದ್ದೀನವಾ. ಕೇಳೂದೇನ?"

"ಹಂಗಾದ್ರ ಕೈ ತಗಿ."

ತೆಗೆಯಲಿಲ್ಲ. ಸಿಟ್ಟಿನಿಂದ ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟು ಅದುಮಿದ. ಗಾಡಿಯ ಮುಂಭಾಗ ತಗ್ಗಿತು, ಒಂದು ಕ್ಷಣ ಹಾಗೇ ನಿಂತಿತು, ಅವನ ಕೈ ಸಡಿಲವಾದದ್ದೇ ಅವನನ್ನೂ ಎತ್ತಿಕೊಂಡು ಮೆಲ್ಲಗೆ ಮೇಲೆದ್ದಿತು. ಸುಂದ್ರವ್ವ ತನ್ನ ಬಾಗಿಲಲ್ಲಿ ಬಿಂದಿಗೆ ಹಿಡಿದು ನಿಂತು ನೋಡುತ್ತಿದ್ದಳು.

"ಕೈ ತಗೀರಿ," ಎಂಬ ದನಿ ಬಂತು. ಅದು ರಾಜಮತಿಯದು. ಮದುವೆಯಾದ ಮೇಲೆ ಅವಳು ಗಂಡನಿಗೆ ಹೊರಗೆ ನಿಂತು ಹೀಗೆ ಹೇಳಿದ್ದು ಅದೇ ಮೊದಲು. "ಅವರ ಹೊಲಾ, ಅವರ ಎಲಿ. ಬಿಡ್ರಿ."

ದಾದಾಸಾಹೇಬ ಹೆಂಡತಿಯ ಕಡೆ ತಿರುಗಿದ. ಆ ತಿರುಗಿದ್ದರಲ್ಲೇ ಗಾಡಿ ಅವನ ಪಕ್ಕದಿಂದ ದಾಟಿಹೋಯಿತು.

ತಗ್ಗುಗಳೆಲ್ಲ ಇದ್ದಲ್ಲೇ ಇದ್ದವು. ಗಾಡಿ ಅವುಗಳಲ್ಲಿ ಇಳಿದು ಏಳುತ್ತಿತ್ತು, ಸದ್ದು ಮಾಡುತ್ತಿರಲಿಲ್ಲ. ಜಯಪಾಲ ಒಂದೆರಡು ಸಲ ತಿರುಗಿ, ಸೊಂಟ ನೋಯುತ್ತದೆಯೇ ಎಂದು ಕೇಳಿದ. ಇಲ್ಲ ಎಂದಳು ಸೋನಾಬಾಯಿ.

ಅಡತಿಯಲ್ಲಿ ಆ ದಿನ ಗದ್ದಲವಿತ್ತು. ರೈತರು ಗೋಡೆಗುಂಟ ಕುಳಿತಿದ್ದರು. ತಂಬಾಕಿನ ಘಾಟಿಗೆ ಹೊಸಬರು ಸೀನುತ್ತಿದ್ದರು. ಮಲಕಾರಿ ಮಾದರಿ ಕಟ್ಟನ್ನು ಗಾದಿಯ ಮುಂದೆ ಇಟ್ಟ. ಶೇಟ್ ಸೋನಾಬಾಯಿಯನ್ನು ಕಂಡು ಮುಖದಲ್ಲಿ ನಗು ತಂದುಕೊಂಡ.

"ಬರ್ರಿ ಬಾಯಾರ. ನಿಮಗ ಯಾಕ ತ್ರಾಸ? ನಿಮ್ಮ ದಾದಾಸಾಹೇಬ್ರು ಬಂದ ಮಾತ ಮುಗಿಸ್ಯಾರಲ್ರಿ."

"ಆಂವಾ ಮಾತ ಕೊಟ್ಟಾನ, ತಂಬಾಕ ಕೊಟ್ಟಿಲ್ಲ. ತಂಬಾಕ ನನ್ನ ಕಡೆ ಐತಿ. ಎಷ್ಟಕ್ಕ ಮುಗಿಸ್ಯಾನ?"

ಶೇಟ್ ಹೆಗಲ ಮೇಲಿನ ರುಮಾಲು ತೆಗೆದು ಬಲಗೈ ಮೇಲೆ ಹೊದೆಸಿ ಅವಳತ್ತ ಚಾಚಿದ. ಆ ಅಡತಿಯ ಪದ್ಧತಿಯೇ ಅದು: ದರವನ್ನು ಬಾಯಿಂದ ಆಡುವುದಿಲ್ಲ. ರುಮಾಲಿನ ಕೆಳಗೆ ಬೆರಳು ಹಿಡಿದು ಕೇಳುವುದು, ಬೆರಳು ಹಿಡಿದು ಹೇಳುವುದು. ಒಬ್ಬನಿಗೆ ಎಷ್ಟು ಸಿಕ್ಕಿತು ಎಂಬುದು ಪಕ್ಕದಲ್ಲಿ ಕುಳಿತವನಿಗೆ ಗೊತ್ತಾಗುತ್ತಿರಲಿಲ್ಲ. ಇಷ್ಟು ವರ್ಷ ಸೋನಾಬಾಯಿಯೂ ತನ್ನ ಸೆರಗಿನ ಮರೆಯಲ್ಲಿ ಹಾಗೆಯೇ ಮಾರಿದ್ದಳು.

ಆ ದಿನ ಅವಳು ಕೈ ಚಾಚಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

"ಹಿಡೀರಿ ಬಾಯಾರ," ಅಂದ ಶೇಟ್.

"ಬ್ಯಾಡ. ಇದರ ಕೆಳಗ ನನ್ನ ಮಗನ ಕೈ ಹಿಡದ ಏನ ಹೇಳೀರಿ, ಅದನ್ನ ಬಾಯಿ ಬಿಟ್ಟ ಹೇಳ್ರಿ."

"ಹಂಗ ಹೇಳೂ ಪದ್ಧತಿ ಇಲ್ರಿ."

"ಹೆಣ್ಣಮಗಳು ಬಂದ ಮಾರೂ ಪದ್ಧತೀನೂ ಇರಲಿಲ್ಲ. ಹೇಳ್ರಿ."

ರುಮಾಲು ಅವರಿಬ್ಬರ ನಡುವೆ ಹಾಗೇ ಚಾಚಿಕೊಂಡು ಉಳಿಯಿತು. ಪಕ್ಕದ ಗಾದಿಯಲ್ಲಿ ಇನ್ನೊಬ್ಬ ದಲಾಲನಿಗೆ ರುಮಾಲಿನ ಕೆಳಗೆ ಕೈ ಚಾಚಿದ್ದ ಮುದಿ ರೈತನೊಬ್ಬ ತನ್ನ ಕೈಯನ್ನು ಬಟ್ಟೆಯಿಂದ ಹೊರಗೆಳೆದುಕೊಂಡು ಇತ್ತ ತಿರುಗಿದ.

"ಹೇಳ್ರಿ ಶೇಟ್," ಅಂದ ಅವನು. "ನಾವೂ ಕೇಳತೀವಿ."